ಗರ್ಭ ನಿಂತಿದೆಯೇ? ಎಷ್ಟು ವಾರ? – ಗರ್ಭ ಪರೀಕ್ಷೆ ಮತ್ತು ದಿನಗಳ ಲೆಕ್ಕ



ಗರ್ಭಿಣಿಯರ ತಪಾಸಣೆಗೆ ಬಂದಾಗ ವೈದ್ಯರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: "ಕೊನೆಯ ಮುಟ್ಟು ಯಾವ ತಾರೀಕಿಗೆ ಆಗಿತ್ತು?" ಅನೇಕರು ಈ ಪ್ರಶ್ನೆಗೆ ಗಾಬರಿಯಾಗುತ್ತಾರೆ. ಕೆಲವರು ಜೊತೆಗೆ ಬಂದ ಅತ್ತೆಯವರ ಮುಖ ನೋಡುತ್ತಾರೆ. ಕೆಲವರು "ಹಬ್ಬದ ಹಿಂದುಮುಂದು" ಎನ್ನುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಬಾಯಿಗೆ ಬಂದ ಒಂದು ತಾರೀಕನ್ನು ಹೇಳಿಬಿಡುತ್ತಾರೆ. ಆದರೆ ಮುಂದಿನ ಒಂಬತ್ತು ತಿಂಗಳಲ್ಲಿ ತಾಯಿಗೂ ಮಗುವಿಗೂ ಕೊಡುವ ಚಿಕಿತ್ಸೆಯ ಬಹುಪಾಲು ಈ ಒಂದು ತಾರೀಕನ್ನೇ ಆಧರಿಸಿರುತ್ತದೆ. ಆದ್ದರಿಂದ ಗರ್ಭ ನಿಂತದ್ದನ್ನು ಖಚಿತಪಡಿಸಿಕೊಳ್ಳುವುದು ಹೇಗೆ, ವಾರಗಳನ್ನು ಎಣಿಸುವುದು ಹೇಗೆ, ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ. ದಯವಿಟ್ಟು ಪೂರ್ತಿಯಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಗರ್ಭ ನಿಲ್ಲುವುದು ಹೇಗೆ?

28 ದಿನಗಳಿಗೊಮ್ಮೆ ಸರಿಯಾಗಿ ಮುಟ್ಟಾಗುವ ಹೆಣ್ಣುಮಗಳಲ್ಲಿ, ಮುಟ್ಟಾದ ಮೊದಲ ದಿನದಿಂದ ಎಣಿಸಿದರೆ ಸುಮಾರು 14ನೇ ದಿನ ಅಂಡಾಶಯದಿಂದ ಒಂದು ಅಂಡಾಣು ಹೊರಬರುತ್ತದೆ. ಅದು ಗರ್ಭನಾಳದಲ್ಲಿ ವೀರ್ಯಾಣುವಿನೊಂದಿಗೆ ಸೇರಿದರೆ ಭ್ರೂಣ ಉಂಟಾಗುತ್ತದೆ. ಈ ಭ್ರೂಣವು ನಿಧಾನವಾಗಿ ಸಾಗಿ ಗರ್ಭಕೋಶವನ್ನು ತಲುಪಿ ಅದರ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅಂಡಾಣು ಬಿಡುಗಡೆಯಾದ ದಿನದಿಂದ ಇದಕ್ಕೆ ಸಾಮಾನ್ಯವಾಗಿ 6ರಿಂದ 12 ದಿನಗಳು ಬೇಕು.

ಹೀಗೆ ಅಂಟಿಕೊಂಡ ನಂತರ, ಮುಂದೆ ಮಾಸು ಆಗಿ ಬೆಳೆಯುವ ಭಾಗದಿಂದ ಎಚ್.ಸಿ.ಜಿ. ಎಂಬ ಹಾರ್ಮೋನು ತಯಾರಾಗಿ ತಾಯಿಯ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಗರ್ಭ ಪರೀಕ್ಷೆಗಳೆಲ್ಲವೂ ಹುಡುಕುವುದು ಇದನ್ನೇ. ಭ್ರೂಣ ಅಂಟಿಕೊಳ್ಳುವ ಮೊದಲು ಈ ಹಾರ್ಮೋನು ದೇಹದಲ್ಲಿ ಇರುವುದಿಲ್ಲ. ಆದ್ದರಿಂದ ಮುಟ್ಟಿನ ದಿನ ಬರುವುದಕ್ಕೂ ಮುಂಚೆ ಆತುರಪಟ್ಟು ಪರೀಕ್ಷೆ ಮಾಡಿದರೆ, ಗರ್ಭ ನಿಂತಿದ್ದರೂ "ಇಲ್ಲ" ಎಂಬ ಫಲಿತಾಂಶ ಬರಬಹುದು.

ಮನೆಯಲ್ಲಿ ಮೂತ್ರ ಪರೀಕ್ಷೆ

ಔಷಧಿ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಾರ್ಡಿನಿಂದ ಮನೆಯಲ್ಲಿಯೇ ಈ ಪರೀಕ್ಷೆ ಮಾಡಿಕೊಳ್ಳಬಹುದು. ಸರ್ಕಾರದ 'ನಿಶ್ಚಯ' ಕಿಟ್ ಅನ್ನು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಲು ಸಂಕೋಚಪಡಬೇಡಿ.

ಪರೀಕ್ಷೆ ಮಾಡುವ ಕ್ರಮ:

1. ಮುಟ್ಟು ಬರಬೇಕಾದ ದಿನ ಕಳೆದ ಮೇಲೆ ಪರೀಕ್ಷೆ ಮಾಡಿ. ಒಂದು ವಾರ ಕಾದು ಮಾಡಿದರೆ ಫಲಿತಾಂಶ ಹೆಚ್ಚು ನಂಬಿಕೆಗೆ ಅರ್ಹವಾಗಿರುತ್ತದೆ.

2. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಶುಚಿಯಾದ, ಒಣಗಿದ ಪಾತ್ರೆಯಲ್ಲಿ ಹಿಡಿಯಿರಿ. ರಾತ್ರಿಯೆಲ್ಲಾ ಸಂಗ್ರಹವಾದ ಮೂತ್ರದಲ್ಲಿ ಹಾರ್ಮೋನಿನ ಪ್ರಮಾಣ ಹೆಚ್ಚಿರುತ್ತದೆ.

3. ಕಾರ್ಡಿನ ಅವಧಿ ಮುಗಿದಿದೆಯೇ ಎಂದು ನೋಡಿ. ಪೊಟ್ಟಣವನ್ನು ಬಳಸುವ ಹೊತ್ತಿಗೇ ಒಡೆಯಿರಿ.

4. ಕಾರ್ಡಿನಲ್ಲಿರುವ ಸಣ್ಣ ಗುಂಡಿಯೊಳಗೆ, ಜೊತೆಗೆ ಕೊಟ್ಟಿರುವ ನಳಿಕೆಯಿಂದ ಎರಡು ಮೂರು ಹನಿ ಮೂತ್ರ ಹಾಕಿ. ಎಷ್ಟು ಹನಿ ಎಂಬುದನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ.

5. ಸುಮಾರು ಐದು ನಿಮಿಷ ಕಾದು ನೋಡಿ. ಪೊಟ್ಟಣದ ಮೇಲೆ ಹೇಳಿದ ಸಮಯ ಮೀರಿದ ಮೇಲೆ ಕಾಣುವ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೂತ್ರ ಒಣಗಿದಾಗಲೂ ಬೂದು ಬಣ್ಣದ ಗೆರೆಯೊಂದು ಕಾಣಿಸಬಹುದು.

ಫಲಿತಾಂಶ ಓದುವುದು ಹೀಗೆ: 'ಸಿ' ಅಕ್ಷರದ ಎದುರಿಗೆ ಮಾತ್ರ ಒಂದು ಗೆರೆ ಬಂದರೆ ಗರ್ಭ ಕಂಡುಬಂದಿಲ್ಲ. 'ಸಿ' ಮತ್ತು 'ಟಿ' ಎರಡರ ಎದುರಿಗೂ ಗೆರೆ ಬಂದರೆ ಗರ್ಭ ನಿಂತಿದೆ. 'ಟಿ' ಗೆರೆ ಮಸುಕಾಗಿದ್ದರೂ ಅದು ಗೆರೆಯೇ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿದರೆ ಸ್ಪಷ್ಟವಾಗುತ್ತದೆ. 'ಸಿ' ಗೆರೆಯೇ ಬಾರದಿದ್ದರೆ ಕಾರ್ಡು ಕೆಟ್ಟಿದೆ ಎಂದರ್ಥ. ಬೇರೆ ಕಾರ್ಡಿನಿಂದ ಮಾಡಬೇಕು.

ಉಪ್ಪು, ಸಕ್ಕರೆ, ಟೂತ್‌ಪೇಸ್ಟ್ ಇವುಗಳಿಗೆ ಮೂತ್ರ ಬೆರೆಸಿ ನೋಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಅವುಗಳಿಗೆ ಹಾರ್ಮೋನನ್ನು ಗುರುತಿಸುವ ಗುಣವಿಲ್ಲ.

ತಿಳಿದಿರಲಿ: 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಸ್ತ್ರೀಯ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ ಗರ್ಭವನ್ನು ಪತ್ತೆ ಮಾಡುತ್ತಿದ್ದರು. ಫಲಿತಾಂಶಕ್ಕೆ ಹಲವು ದಿನ ಕಾಯಬೇಕಿತ್ತು. ಇಂದು ಅದೇ ಹಾರ್ಮೋನನ್ನು ಐದು ನಿಮಿಷದಲ್ಲಿ ಮನೆಯಲ್ಲೇ ಗುರುತಿಸಬಹುದಾಗಿದೆ.

ಪರೀಕ್ಷೆ ತಪ್ಪು ಹೇಳುವುದು ಯಾವಾಗ?

ಗರ್ಭವಿದ್ದೂ "ಇಲ್ಲ" ಎಂದು ಬರಲು ಮುಖ್ಯ ಕಾರಣ ಬೇಗನೆ ಪರೀಕ್ಷೆ ಮಾಡಿದ್ದು. ಹೆಚ್ಚು ನೀರು ಕುಡಿದು ಮೂತ್ರ ತೆಳುವಾಗಿದ್ದರೂ ಹೀಗಾಗಬಹುದು. ತಿಂಗಳು ತಡವಾಗಿ ಬರುವವರಲ್ಲಿ ಅಂಡಾಣು ಬಿಡುಗಡೆಯೂ ತಡವಾಗುವುದರಿಂದ ಗರ್ಭ ತೋರುವುದೂ ತಡವಾಗುತ್ತದೆ. ಮುಟ್ಟು ಬಾರದೆ ಇದ್ದು, ಪರೀಕ್ಷೆಯಲ್ಲಿ "ಇಲ್ಲ" ಎಂದಿದ್ದರೆ ಒಂದು ವಾರ ಬಿಟ್ಟು ಮತ್ತೆ ಮಾಡಿ. ಆಗಲೂ "ಇಲ್ಲ" ಎಂದು ಬಂದು ಮುಟ್ಟೂ ಆಗದಿದ್ದರೆ ವೈದ್ಯರಿಗೆ ತೋರಿಸಿ.

ಗರ್ಭ ಮುಂದುವರಿಯದಿದ್ದರೂ "ಇದೆ" ಎಂದು ಬರುವುದುಂಟು. ಇತ್ತೀಚೆಗೆ ಗರ್ಭಪಾತವಾದವರ ದೇಹದಲ್ಲಿ ಹಾರ್ಮೋನು ಕೆಲವು ವಾರ ಉಳಿದಿರುತ್ತದೆ. ಮಕ್ಕಳಾಗಲು ಚಿಕಿತ್ಸೆ ಪಡೆಯುವವರಿಗೆ ಇದೇ ಹಾರ್ಮೋನಿನ ಚುಚ್ಚುಮದ್ದು ಕೊಟ್ಟಿದ್ದರೆ ಕೆಲವು ದಿನ ಹಾಗೆ ತೋರಬಹುದು. ಇನ್ನು ಕೆಲವರಲ್ಲಿ ಗರ್ಭ ನಿಂತು ಕೆಲವೇ ದಿನಗಳಲ್ಲಿ ತಾನಾಗಿ ಕಳೆದುಹೋಗಿ ಮುಟ್ಟು ಬರುತ್ತದೆ. ಇದಕ್ಕೆ ತಾಯಿಯ ಕೆಲಸವಾಗಲಿ, ಊಟವಾಗಲಿ, ನಡೆದಾಡಿದ್ದಾಗಲಿ ಕಾರಣವಲ್ಲ. ಯಾರೂ ಆಕೆಯನ್ನು ದೂರಬಾರದು.

ಒಂದು ಎಚ್ಚರಿಕೆ: ತಿಂಗಳು ನಿಂತ ಕೂಡಲೇ "ಮುಟ್ಟು ಬರುವ ಮಾತ್ರೆ" ಎಂದು ಅಂಗಡಿಯಿಂದ ತಂದು ನುಂಗಬೇಡಿ. ಗರ್ಭ ಎಲ್ಲಿ ನಿಂತಿದೆ, ಎಷ್ಟು ವಾರವಾಗಿದೆ ಎಂದು ತಿಳಿಯದೆ ಮಾತ್ರೆ ನುಂಗಿ ವಿಪರೀತ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ ಬರಬಹುದು. ನಿಮ್ಮ ಪರಿಸ್ಥಿತಿ ಏನೇ ಇರಲಿ, ವೈದ್ಯರ ಬಳಿ ಮುಚ್ಚುಮರೆಯಿಲ್ಲದೆ ಹೇಳಿ. ನಿಮ್ಮ ಮಾತು ಗುಟ್ಟಾಗಿಯೇ ಉಳಿಯುತ್ತದೆ.

ರಕ್ತ ಪರೀಕ್ಷೆ ಯಾರಿಗೆ ಬೇಕು?

ಎಲ್ಲರಿಗೂ ಬೇಕಿಲ್ಲ. ಹೊಟ್ಟೆನೋವು ಅಥವಾ ರಕ್ತಸ್ರಾವ ಇದ್ದಾಗ, ಹಿಂದೆ ಗರ್ಭನಾಳದಲ್ಲಿ ಗರ್ಭ ನಿಂತಿದ್ದಾಗ, ಸ್ಕ್ಯಾನಿಂಗ್‌ನಲ್ಲಿ ಗರ್ಭ ಸ್ಪಷ್ಟವಾಗಿ ಕಾಣದಿದ್ದಾಗ ವೈದ್ಯರು ರಕ್ತದಲ್ಲಿ ಎಚ್.ಸಿ.ಜಿ. ಪ್ರಮಾಣವನ್ನು ಅಳೆಯಿಸುತ್ತಾರೆ. ಆರೋಗ್ಯವಾಗಿ ಬೆಳೆಯುವ ಗರ್ಭದಲ್ಲಿ, ಮೊದಲ ವಾರಗಳಲ್ಲಿ, ಇದು ಎರಡು ಮೂರು ದಿನಗಳಿಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದಕ್ಕಾಗಿಯೇ 48 ಗಂಟೆಗಳ ನಂತರ ಮತ್ತೊಮ್ಮೆ ರಕ್ತ ಕೊಡಲು ಹೇಳುತ್ತಾರೆ. "ಹಣಕ್ಕಾಗಿ ಎರಡು ಸಲ ಮಾಡಿಸುತ್ತಾರೆ" ಎಂದು ತಿಳಿಯಬೇಡಿ. ಒಂದೇ ಸಲದ ಅಂಕಿಯಿಂದ ಗರ್ಭ ಚೆನ್ನಾಗಿದೆಯೇ, ಎಷ್ಟು ವಾರ ಎಂದು ಹೇಳಲಾಗದು. ಒಂದೇ ವಾರದ ಗರ್ಭವಿರುವ ಇಬ್ಬರಲ್ಲಿ ಈ ಅಂಕಿ ಹತ್ತಾರು ಪಟ್ಟು ಬೇರೆಯಾಗಿರಬಹುದು. ಆದ್ದರಿಂದ ಪಕ್ಕದ ಮನೆಯವರ ವರದಿಯೊಂದಿಗೆ ನಿಮ್ಮದನ್ನು ಹೋಲಿಸಬೇಡಿ.

ವಾರಗಳ ಲೆಕ್ಕ ಎಲ್ಲಿಂದ ಶುರು?

ಈ ಭಾಗವನ್ನು ಮನೆಯ ಹಿರಿಯರೂ ಯಜಮಾನರೂ ವಿಶೇಷವಾಗಿ ಗಮನಿಸಬೇಕು.

ಗರ್ಭದ ವಾರಗಳನ್ನು ದಂಪತಿಗಳು ಕೂಡಿದ ದಿನದಿಂದಾಗಲಿ, ಮದುವೆಯಾದ ದಿನದಿಂದಾಗಲಿ ಎಣಿಸುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅಂಡಾಣು ಬಿಡುಗಡೆಯಾದ ದಿನ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಾದ ದಿನ ಹೆಣ್ಣಿಗೆ ಗೊತ್ತಿರುತ್ತದೆ. ಹಾಗಾಗಿ ಪ್ರಪಂಚದಾದ್ಯಂತ ಈ ಪದ್ಧತಿ ಬಂದಿದೆ. ನಿಮ್ಮ ಚೀಟಿಯಲ್ಲಿ ಎಲ್.ಎಂ.ಪಿ. ಎಂದು ಬರೆಯುವುದು ಈ ದಿನವನ್ನೇ. ಇದರಿಂದಾಗಿ ನಿಜವಾಗಿ ಗರ್ಭ ನಿಂತದ್ದಕ್ಕಿಂತ ಸುಮಾರು ಎರಡು ವಾರ ಹೆಚ್ಚಾಗಿಯೇ ಲೆಕ್ಕ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ಹೆಣ್ಣುಮಗಳಿಗೆ ಏಪ್ರಿಲ್ 20ರಂದು ಮುಟ್ಟಾಯಿತು. ಮೇ 1ರಂದು ಮದುವೆಯಾಯಿತು. ಮೇ 4ರ ಸುಮಾರಿಗೆ ಗರ್ಭ ನಿಂತಿತು. ಜೂನ್ 12ರಂದು ಆಕೆ ಆಸ್ಪತ್ರೆಗೆ ಬಂದಳು. ಅಂದಿಗೆ ಮದುವೆಯಾಗಿ 42 ದಿನ, ಅಂದರೆ ಸರಿಯಾಗಿ 6 ವಾರ. ಆದರೆ ಸ್ಕ್ಯಾನಿಂಗ್ ವರದಿಯಲ್ಲಿ "7 ವಾರ 4 ದಿನ" ಎಂದು ಬರೆದಿದೆ. ಮನೆಯವರು ವರದಿ ನೋಡಿ "ಮದುವೆಯಾಗಿ ಆರು ವಾರ, ಗರ್ಭಕ್ಕೆ ಏಳೂವರೆ ವಾರ ಹೇಗೆ?" ಎಂದು ಅನುಮಾನಪಟ್ಟರೆ ಅದು ಎಷ್ಟು ದೊಡ್ಡ ಅನ್ಯಾಯ! ಏಪ್ರಿಲ್ 20ರಿಂದ ಜೂನ್ 12ಕ್ಕೆ 53 ದಿನ, ಅಂದರೆ 7 ವಾರ 4 ದಿನ. ಲೆಕ್ಕ ಸರಿಯಾಗಿಯೇ ಇದೆ. ವರದಿಯ ವಾರಗಳಲ್ಲಿ ಎರಡು ವಾರ ಕಳೆದರೆ ಗರ್ಭ ನಿಂತ ಸಮಯ ಬರುತ್ತದೆ. ಈ ಲೆಕ್ಕ ತಿಳಿಯದೆ ಹೊಸ ಸೊಸೆಯ ಮೇಲೆ ಇಲ್ಲದ ಮಾತು ಬರಬಾರದು. ಸಂದೇಹವಿದ್ದರೆ ವೈದ್ಯರನ್ನು ಕೇಳಿ. ಆಕೆಯನ್ನು ನೋಯಿಸಬೇಡಿ. ನೀವೇ ಆ ಹೆಣ್ಣುಮಗಳಾಗಿದ್ದರೆ, ಈ ಹಾಳೆಯನ್ನು ಮನೆಯವರಿಗೆ ತೋರಿಸಿ.

ಹೆರಿಗೆಯ ದಿನಾಂಕ ಲೆಕ್ಕ ಹಾಕುವುದು

ಕೊನೆಯ ಮುಟ್ಟಿನ ಮೊದಲ ದಿನದಿಂದ ಹೆರಿಗೆಗೆ 280 ದಿನ, ಅಂದರೆ 40 ವಾರ ಎಂದು ಲೆಕ್ಕ. ಜರ್ಮನಿಯ ಪ್ರಸೂತಿ ವೈದ್ಯ ನೇಗೆಲೆ ಅವರ ಹೆಸರಿನಲ್ಲಿ ಒಂದು ಸುಲಭ ಸೂತ್ರವಿದೆ: ಮುಟ್ಟಿನ ತಾರೀಕಿಗೆ 7 ದಿನ ಕೂಡಿಸಿ, 9 ತಿಂಗಳು ಮುಂದಕ್ಕೆ ಹೋಗಿ.

ಮುಟ್ಟಾದ ದಿನ ಜನವರಿ 10 ಆದರೆ, 7 ಕೂಡಿಸಿದಾಗ ಜನವರಿ 17. ಒಂಬತ್ತು ತಿಂಗಳು ಮುಂದೆ ಹೋದರೆ ಅಕ್ಟೋಬರ್ 17. ಮುಟ್ಟಾದ ದಿನ ಆಗಸ್ಟ್ 20 ಆದರೆ ಮುಂದಿನ ವರ್ಷದ ಮೇ 27. ತಿಂಗಳುಗಳಲ್ಲಿ 30, 31 ದಿನ ಎಂಬ ವ್ಯತ್ಯಾಸದಿಂದ ಒಂದೆರಡು ದಿನ ಹಿಂದುಮುಂದಾಗಬಹುದು.

ಈ ದಿನಾಂಕ ಒಂದು ಅಂದಾಜು ಮಾತ್ರ. ಸರಿಯಾಗಿ ಅದೇ ದಿನ ಹೆರಿಗೆಯಾಗುವವರು ಇಪ್ಪತ್ತು ಮಂದಿಯಲ್ಲಿ ಒಬ್ಬರಷ್ಟೇ. 37 ವಾರ ತುಂಬಿದ ಮೇಲೆ ಹುಟ್ಟಿದ ಮಗು ಅವಧಿಗೆ ಮುಂಚೆ ಹುಟ್ಟಿದ ಮಗುವಲ್ಲ.

ನಮ್ಮಲ್ಲಿ "ಒಂಬತ್ತು ತಿಂಗಳು ತುಂಬಿತು, ಇನ್ನೂ ನೋವು ಬಂದಿಲ್ಲ" ಎಂದು ಗಾಬರಿಪಡುವವರು ಬಹಳ. ಇದರಲ್ಲಿಯೂ ಲೆಕ್ಕದ ವ್ಯತ್ಯಾಸವಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದರೆ ಒಂದು ತಿಂಗಳಿಗೆ ಇಪ್ಪತ್ತೊಂಬತ್ತೂವರೆ ದಿನ. ಅಂಥ ಒಂಬತ್ತು ತಿಂಗಳಿಗೆ ಸುಮಾರು 266 ದಿನ. ವೈದ್ಯರ ಲೆಕ್ಕದ 280 ದಿನಕ್ಕೆ ಇನ್ನೂ ಎರಡು ವಾರ ಬಾಕಿ ಇರುತ್ತದೆ. ಹಾಗೆಯೇ "ಐದರಲ್ಲಿ ನಡೆಯುತ್ತಿದೆ" ಎಂದರೆ ನಾಲ್ಕು ತಿಂಗಳು ತುಂಬಿದೆ ಎಂದರ್ಥ. ವೈದ್ಯರು ಹೇಳುವುದು ತುಂಬಿದ ವಾರಗಳನ್ನು. ಆದ್ದರಿಂದ ಆಸ್ಪತ್ರೆಯಲ್ಲಿ ತಿಂಗಳಿನ ಬದಲು ವಾರದ ಲೆಕ್ಕವನ್ನೇ ಹೇಳಿ, ಕೇಳಿ.

ತಾರೀಕು ನೆನಪಿಲ್ಲದಿದ್ದರೆ?

ಹಬ್ಬ, ಜಾತ್ರೆ, ಮದುವೆ, ಸಂತೆಯ ದಿನ ಇವುಗಳ ಜೊತೆ ನೆನಪಿಸಿಕೊಳ್ಳಿ. "ಬಸವ ಜಯಂತಿಯ ಮಾರನೇ ದಿನ", "ನಾಗರ ಪಂಚಮಿಗೆ ತವರಿಗೆ ಹೋಗುವ ಮೊದಲು" ಎಂದು ಹೇಳಿದರೂ ಸಾಕು. ಕ್ಯಾಲೆಂಡರ್ ನೋಡಿ ತಾರೀಕು ಗುರುತಿಸಬಹುದು. ಆದರೆ ಊಹಿಸಿ ಹೇಳಬೇಡಿ. "ಗೊತ್ತಿಲ್ಲ" ಎನ್ನುವುದು ತಪ್ಪಲ್ಲ. ತಪ್ಪು ತಾರೀಕಿಗಿಂತ ತಾರೀಕು ಇಲ್ಲದಿರುವುದೇ ಲೇಸು, ಏಕೆಂದರೆ ಆಗ ವೈದ್ಯರು ಸ್ಕ್ಯಾನಿಂಗ್‌ನಿಂದಲೇ ಲೆಕ್ಕ ಹಿಡಿಯುತ್ತಾರೆ.

ಮುಟ್ಟಿನ ಲೆಕ್ಕ ಹೊಂದದಿರುವ ಸಂದರ್ಭಗಳು ಹೀಗಿವೆ. ಇವುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ ತಪ್ಪದೆ ತಿಳಿಸಿ.

• ಮುಟ್ಟಾದ ಮೊದಲ ದಿನದ ಬದಲು, ತಲೆಗೆ ನೀರು ಹಾಕಿಕೊಂಡ ನಾಲ್ಕನೇ ಅಥವಾ ಐದನೇ ದಿನವನ್ನು ಹೇಳುವುದು. ಬೇಕಾದದ್ದು ರಕ್ತ ಕಂಡ ಮೊದಲ ದಿನ.

• ಮುಟ್ಟು 28 ದಿನಕ್ಕೆ ಬಾರದೆ 35, 40 ದಿನಕ್ಕೆ ಬರುವುದು. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡಾಣು ಒಂದು ವಾರ ತಡವಾಗಿ ಬರುತ್ತದೆ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಹೆರಿಗೆ ದಿನಾಂಕ ಅಕ್ಟೋಬರ್ 17ರ ಬದಲು ಅಕ್ಟೋಬರ್ 24 ಆಗುತ್ತದೆ.

• ಮಗುವಿಗೆ ಎದೆಹಾಲು ಕೊಡುತ್ತಿರುವಾಗ, ಮುಟ್ಟು ಮರಳಿ ಬರುವ ಮೊದಲೇ ಗರ್ಭ ನಿಲ್ಲುವುದು.

• ಗರ್ಭನಿರೋಧಕ ಮಾತ್ರೆ ಅಥವಾ ಚುಚ್ಚುಮದ್ದನ್ನು ಇತ್ತೀಚೆಗಷ್ಟೇ ನಿಲ್ಲಿಸಿರುವುದು.

• ಹಬ್ಬ, ಮದುವೆ, ಯಾತ್ರೆಗಾಗಿ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡಿರುವುದು.

• ಗರ್ಭ ನಿಂತ ಮೇಲೆ ಒಂದೆರಡು ದಿನ ಕಂಡ ಅಲ್ಪ ರಕ್ತದ ಕಲೆಯನ್ನೇ ಮುಟ್ಟು ಎಂದು ತಿಳಿಯುವುದು. ಇದರಿಂದ ಲೆಕ್ಕ ಒಂದು ತಿಂಗಳಷ್ಟು ಕಡಿಮೆಯಾಗಬಹುದು. ಕೊನೆಯ ಮುಟ್ಟು ಎಂದಿನಷ್ಟು ಹೋಗಿತ್ತೇ, ಕಡಿಮೆ ಇತ್ತೇ ಎಂಬುದನ್ನೂ ಹೇಳಿ.

ಮೊದಲ ಸ್ಕ್ಯಾನಿಂಗ್ ಏಕೆ ಮುಖ್ಯ?

ಮೊದಲ ಮೂರು ತಿಂಗಳಲ್ಲಿ ಎಲ್ಲಾ ಶಿಶುಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ತಾಯಿ ಎತ್ತರವಿರಲಿ, ಗಿಡ್ಡವಿರಲಿ, ಬಡವಳಿರಲಿ, ಶ್ರೀಮಂತಳಿರಲಿ, ವ್ಯತ್ಯಾಸ ತೀರಾ ಕಡಿಮೆ. ಆದ್ದರಿಂದ ಶಿಶುವಿನ ತಲೆಯಿಂದ ಕುಂಡೆಯವರೆಗಿನ ಉದ್ದವನ್ನು ಅಳೆದರೆ ಎಷ್ಟು ವಾರವಾಗಿದೆ ಎಂದು ಹೇಳಬಹುದು. 7 ವಾರಕ್ಕೆ ಈ ಉದ್ದ ಸುಮಾರು 1 ಸೆಂಟಿಮೀಟರ್, 9 ವಾರಕ್ಕೆ ಎರಡೂಕಾಲು ಸೆಂಟಿಮೀಟರ್, 12 ವಾರಕ್ಕೆ ಸುಮಾರು ಐದೂವರೆ ಸೆಂಟಿಮೀಟರ್. ಈ ವಿಧಾನವನ್ನು 1973ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ರಾಬಿನ್‌ಸನ್ ಪ್ರಕಟಿಸಿದರು. ಇಂದಿಗೂ ದಿನಗಳನ್ನು ಗುರುತಿಸಲು ಇದೇ ಅತ್ಯಂತ ನಂಬಿಕೆಯ ವಿಧಾನ. 14 ವಾರ ತುಂಬುವುದರೊಳಗೆ ಮಾಡಿದರೆ 5ರಿಂದ 7 ದಿನಗಳ ಅಂತರದೊಳಗೆ ಸರಿಯಾದ ಲೆಕ್ಕ ಸಿಗುತ್ತದೆ.

ಮುಟ್ಟಿನ ಲೆಕ್ಕಕ್ಕೂ ಈ ಸ್ಕ್ಯಾನಿಂಗ್ ಲೆಕ್ಕಕ್ಕೂ ಕೆಲವೇ ದಿನಗಳ ವ್ಯತ್ಯಾಸವಿದ್ದರೆ ಮುಟ್ಟಿನ ಲೆಕ್ಕವನ್ನೇ ಉಳಿಸಿಕೊಳ್ಳುತ್ತಾರೆ. 9 ವಾರದೊಳಗೆ 5 ದಿನಕ್ಕಿಂತ ಹೆಚ್ಚು, 9ರಿಂದ 14 ವಾರದೊಳಗೆ 7 ದಿನಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಸ್ಕ್ಯಾನಿಂಗ್ ಪ್ರಕಾರ ಹೆರಿಗೆ ದಿನಾಂಕವನ್ನು ತಿದ್ದುತ್ತಾರೆ.

ತೀರಾ ಬೇಗ ಸ್ಕ್ಯಾನಿಂಗ್ ಮಾಡಿಸಿದರೂ ಚಿಂತೆಗೆ ಕಾರಣವಾಗುತ್ತದೆ. ಗರ್ಭದ ಚೀಲ ಕಾಣುವುದು ಸುಮಾರು 5ನೇ ವಾರಕ್ಕೆ. ಶಿಶುವಿನ ಎದೆಬಡಿತ ಕಾಣುವುದು 6ನೇ ವಾರದ ಸುಮಾರಿಗೆ. ಹೊಟ್ಟೆಯ ಮೇಲಿನಿಂದ ನೋಡುವ ಸ್ಕ್ಯಾನಿಂಗ್‌ನಲ್ಲಿ ಇನ್ನೂ ಕೆಲವು ದಿನ ತಡವಾಗಬಹುದು. ಮೊದಲ ಸಲ "ಎದೆಬಡಿತ ಕಾಣಲಿಲ್ಲ" ಎಂದರೆ ಮಗು ಇಲ್ಲವೆಂದೇ ತಿಳಿದು ಅಳಬೇಡಿ. ಲೆಕ್ಕ ತಪ್ಪಿ ನೀವು ಬೇಗ ಬಂದಿರಬಹುದು. ಶಿಶುವಿನ ಉದ್ದ 7 ಮಿಲಿಮೀಟರ್ ತಲುಪುವ ಮೊದಲು ಎದೆಬಡಿತ ಕಾಣದಿದ್ದರೆ ತೀರ್ಮಾನಕ್ಕೆ ಬರದೆ, ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ನೋಡುವುದು ಸರಿಯಾದ ಕ್ರಮ. ಯಾರೇ ಆತುರಪಡಿಸಿದರೂ, ನೋವು ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ಎರಡನೇ ಸ್ಕ್ಯಾನಿಂಗ್ ಆಗುವವರೆಗೆ ಗರ್ಭ ತೆಗೆಸುವ ನಿರ್ಧಾರ ಮಾಡಬೇಡಿ.

ಒಂದೊಂದು ವರದಿಯಲ್ಲಿ ಒಂದೊಂದು ದಿನಾಂಕವೇಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ತಿಂಗಳು ಕಳೆದಂತೆ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಬರುತ್ತದೆ. ಕೆಲವು ಮಕ್ಕಳು ದಪ್ಪ, ಕೆಲವು ಸಣ್ಣ. ಯಂತ್ರವು ಮಗುವಿನ ಅಳತೆ ನೋಡಿ "ಇಷ್ಟು ದೊಡ್ಡ ಮಗುವಿಗೆ ಸಾಮಾನ್ಯವಾಗಿ ಇಷ್ಟು ವಾರ" ಎಂದು ಲೆಕ್ಕ ಕೊಡುತ್ತದೆಯೇ ಹೊರತು, ಮಗುವಿನ ನಿಜವಾದ ವಯಸ್ಸು ಅದಕ್ಕೆ ತಿಳಿದಿರುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಈ ಲೆಕ್ಕ ಮೂರು ವಾರದಷ್ಟು ಹಿಂದುಮುಂದಾಗಬಹುದು.

ಆದ್ದರಿಂದ ಮೊದಲ ಸ್ಕ್ಯಾನಿಂಗ್‌ನಿಂದ ಹೆರಿಗೆ ದಿನಾಂಕ ನಿಗದಿಯಾದ ಮೇಲೆ ಅದನ್ನು ಬದಲಿಸಬಾರದು. ಮೊದಲ ಲೆಕ್ಕದಂತೆ 32 ವಾರವಾಗಿರುವಾಗ ವರದಿಯಲ್ಲಿ 29 ವಾರದ ಅಳತೆ ಬಂದರೆ, "ದಿನಾಂಕ ಮುಂದೆ ಹೋಯಿತು" ಎಂದು ಸುಮ್ಮನಿರುವಂತಿಲ್ಲ. ಮಗು ಸರಿಯಾಗಿ ಬೆಳೆಯುತ್ತಿಲ್ಲವೇನೋ ಎಂದು ಪರೀಕ್ಷಿಸಬೇಕು. ಮೊದಲ ವರದಿಯನ್ನು ಕಳೆದುಕೊಂಡವರಲ್ಲಿ ಇದನ್ನು ಗುರುತಿಸುವುದು ಬಹಳ ಕಷ್ಟ. ಹೆರಿಗೆಯಾಗುವವರೆಗೂ ಮೊದಲ ಸ್ಕ್ಯಾನಿಂಗ್ ವರದಿಯನ್ನು ಜೋಪಾನವಾಗಿಡಿ. ತವರಿಗೆ ಹೋಗುವಾಗ ಮರೆಯದೆ ಜೊತೆಗೆ ಕೊಂಡೊಯ್ಯಿರಿ.

ಸರಿಯಾದ ಲೆಕ್ಕದಿಂದ ಆಗುವ ಉಪಯೋಗಗಳು

1. ಗರ್ಭ ನಿಂತದ್ದು ಬೇಗ ತಿಳಿದರೆ ಫೋಲಿಕ್ ಆಮ್ಲದ ಮಾತ್ರೆ ಬೇಗ ಶುರು ಮಾಡಬಹುದು. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಳಿಕೆ ಮುಟ್ಟಿನ ಲೆಕ್ಕದ 6ನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ಈ ಮಾತ್ರೆ ಶುರು ಮಾಡುವುದು ಇನ್ನೂ ಒಳ್ಳೆಯದು.

2. ಮಗುವಿನ ಅಂಗಾಂಗಗಳನ್ನು ಪರೀಕ್ಷಿಸುವ ಸ್ಕ್ಯಾನಿಂಗ್‌ಗಳಿಗೆ ನಿಗದಿತ ವಾರಗಳಿವೆ. ಒಂದು 11ರಿಂದ 14 ವಾರದೊಳಗೆ, ಇನ್ನೊಂದು 18ರಿಂದ 20 ವಾರದ ಸುಮಾರಿಗೆ. ಸಮಯ ಮೀರಿದರೆ ಮೊದಲನೆಯದನ್ನು ಮಾಡಲಾಗದು.

3. 34 ವಾರಕ್ಕಿಂತ ಮುಂಚೆ ಹೆರಿಗೆ ನೋವು ಬಂದರೆ ಮಗುವಿನ ಶ್ವಾಸಕೋಶ ಬಲಗೊಳ್ಳಲು ತಾಯಿಗೆ ಚುಚ್ಚುಮದ್ದು ಕೊಡುತ್ತಾರೆ. 32 ವಾರವೋ 36 ವಾರವೋ ಎಂದು ತಿಳಿಯದಿದ್ದರೆ ಆ ಹೊತ್ತಿನಲ್ಲಿ ನಿರ್ಧಾರ ಕಷ್ಟವಾಗುತ್ತದೆ.

4. ದಿನ ಮೀರಿದರೆ ಮಗುವಿಗೆ ಅಪಾಯ. 41 ವಾರ ಆಗುವ ಹೊತ್ತಿಗೆ ನೋವು ಬರಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಲೆಕ್ಕ ತಪ್ಪಿದ್ದರೆ ಒಬ್ಬರಿಗೆ ಬೇಡದಿದ್ದರೂ ನೋವು ಬರಿಸಿದಂತಾಗುತ್ತದೆ, ಇನ್ನೊಬ್ಬರಿಗೆ ಬೇಕಾದಾಗ ಬರಿಸದಂತಾಗುತ್ತದೆ.

5. ಆಪರೇಷನ್ ಮೂಲಕ ಹೆರಿಗೆಯಾಗಬೇಕಾದವರಿಗೆ, ತುರ್ತು ಕಾರಣವಿಲ್ಲದಿದ್ದರೆ, 39 ವಾರ ತುಂಬುವವರೆಗೆ ಕಾಯುತ್ತಾರೆ. ಒಳ್ಳೆಯ ಗಳಿಗೆ, ನಕ್ಷತ್ರ ನೋಡಿ ಅದಕ್ಕೂ ಮುಂಚೆ ಮಾಡಿರೆಂದು ಒತ್ತಾಯಿಸಬೇಡಿ. ಬೇಗ ಹೊರತೆಗೆದ ಮಗುವಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಹೆಚ್ಚು.

ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ನೂರು ಗರ್ಭಗಳಲ್ಲಿ ಒಂದೆರಡು, ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಲ್ಲುತ್ತವೆ. ಅಂಥ ಗರ್ಭ ಬೆಳೆದು ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬಿ ತಾಯಿಯ ಜೀವಕ್ಕೆ ಅಪಾಯ. ಮೂತ್ರ ಪರೀಕ್ಷೆಯ ಎರಡು ಗೆರೆಗಳು ಗರ್ಭ ಇದೆ ಎಂದಷ್ಟೇ ಹೇಳುತ್ತವೆ, ಎಲ್ಲಿದೆ ಎಂದು ಹೇಳುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ "ಇದೆ" ಎಂದು ಬಂದ ಮೇಲೆ, ಅಥವಾ ತಿಂಗಳು ನಿಂತಿರುವಾಗ, ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಹಗಲಿರಲಿ ರಾತ್ರಿಯಿರಲಿ ಕೂಡಲೇ ಬನ್ನಿ:

• ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದೇ ಪಕ್ಕದಲ್ಲಿ ತೀವ್ರ ನೋವು
• ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಮೂರ್ಛೆ
• ಭುಜದ ತುದಿಯಲ್ಲಿ ಕಾರಣವಿಲ್ಲದೆ ನೋವು
• ರಕ್ತಸ್ರಾವ, ಹೆಪ್ಪುಗಟ್ಟಿದ ರಕ್ತ ಹೋಗುವುದು
• ನೀರೂ ನಿಲ್ಲದಷ್ಟು ವಾಂತಿ, ಜ್ವರ

ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ಮೂರು ತಿಂಗಳಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪ ರಕ್ತ ಕಾಣಿಸುತ್ತದೆ. ಅವರಲ್ಲಿ ಅನೇಕರ ಗರ್ಭ ಚೆನ್ನಾಗಿಯೇ ಮುಂದುವರಿಯುತ್ತದೆ. ಆದರೂ ಪರೀಕ್ಷಿಸದೆ ಬಿಡಬಾರದು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ.

ಸ್ಕ್ಯಾನಿಂಗ್ ಮತ್ತು ಕಾನೂನು

ಸ್ಕ್ಯಾನಿಂಗ್ ಮಾಡುವುದು ದಿನಗಳ ಲೆಕ್ಕ, ಮಗುವಿನ ಆರೋಗ್ಯ ತಿಳಿಯಲು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಕೇಳಿದವರಿಗೂ ಹೇಳಿದವರಿಗೂ ಜೈಲು ಮತ್ತು ದಂಡ ವಿಧಿಸಬಹುದು. ಸ್ಕ್ಯಾನಿಂಗ್‌ಗೆ ಮೊದಲು ನಿಮ್ಮಿಂದ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುವುದು ಇದಕ್ಕಾಗಿಯೇ. ಇದನ್ನು ಕೇಳಿ ನಮ್ಮ ಸಿಬ್ಬಂದಿಯನ್ನು ಸಂಕಟಕ್ಕೆ ಸಿಲುಕಿಸಬೇಡಿ.

ನೀವು ಮಾಡಬೇಕಾದದ್ದು ಇಷ್ಟು

• ಮದುವೆಯಾದ ಪ್ರತಿ ಹೆಣ್ಣುಮಗಳೂ ಮುಟ್ಟಾದ ಮೊದಲ ದಿನವನ್ನು ಪ್ರತಿ ತಿಂಗಳೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಟ್ಟು ಗುರುತು ಮಾಡಲಿ. ಮೊಬೈಲಿನಲ್ಲಿ ಬರೆದಿಟ್ಟುಕೊಂಡರೂ ಆಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

• ತಿಂಗಳು ನಿಂತು ಒಂದು ವಾರವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.

• ಗರ್ಭ ಖಚಿತವಾದ ಮೇಲೆ 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ನಾಲ್ಕನೇ ತಿಂಗಳಿನಿಂದ, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯೂ ಇರುತ್ತದೆ.

• ತಪಾಸಣೆಗೆ ಬರುವಾಗ ಹಿಂದಿನ ಚೀಟಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಎಲ್ಲಾ ಸ್ಕ್ಯಾನಿಂಗ್ ವರದಿಗಳನ್ನು ತನ್ನಿ.

• ಹೆರಿಗೆ ದಿನಾಂಕವನ್ನು ಗರ್ಭಿಣಿಯ ಜೊತೆಗೆ ಮನೆಯ ಇನ್ನೂ ಇಬ್ಬರು ನೆನಪಿಟ್ಟುಕೊಳ್ಳಲಿ. ಕುಬಸದ ದಿನ ಗೊತ್ತುಮಾಡುವಾಗ, ತವರಿಗೆ ಕರೆದೊಯ್ಯುವಾಗ ಆ ದಿನಾಂಕವನ್ನು ನೋಡಿಕೊಂಡೇ ನಿರ್ಧರಿಸಿ.

ಇಲ್ಲಿ ಹೇಳಿರುವುದು ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬ ತಾಯಿಯ ಪರಿಸ್ಥಿತಿ ಬೇರೆ. ಅರ್ಥವಾಗದ ವಿಷಯವನ್ನು ಹೊರರೋಗಿ ವಿಭಾಗದಲ್ಲಿ ದಾದಿಯರನ್ನು, ವೈದ್ಯರನ್ನು ಎಷ್ಟು ಸಲ ಬೇಕಾದರೂ ಕೇಳಿ. ಕೇಳಿ ತಿಳಿದ ತಾಯಿ ತನ್ನ ಮಗುವನ್ನು ಚೆನ್ನಾಗಿ ಕಾಪಾಡಿಕೊಳ್ಳುತ್ತಾಳೆ.